ಚಿನಾರ್ ಕೆಂಪಾಗುವ ವಾರಕ್ಕೆ ರಜೆ ಹೊಂದಿಸಿದ್ದು

ಕಾಶ್ಮೀರದ ಚಿನಾರ್ ಮರಗಳಿಗೆ ನಮ್ಮ ದಸರಾ ರಜೆಯ ಸುದ್ದಿ ಗೊತ್ತಿಲ್ಲ. ಇಲ್ಲಿ ಶಾಲೆಗೆ ರಜೆ ಇರುವಾಗ ಅವು ಹಸಿರಾಗೇ ನಿಂತಿರುತ್ತವೆ. ಅಕ್ಟೋಬರ್ ಮಧ್ಯದಲ್ಲಿ ಎಲೆಯ ಅಂಚು ಹಳದಿಗೆ ತಿರುಗಲು ಶುರುವಾಗುತ್ತದೆ. ಮರ ಪೂರ್ತಿ ಕೆಂಪಾಗುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಎರಡನೇ ವಾರದೊಳಗೆ. ನಾವು ಹೋದ 2025ರಲ್ಲಿ ಅಷ್ಟು ಹೊತ್ತಿಗೆ ದಸರಾ, ದೀಪಾವಳಿ ಎರಡೂ ಮುಗಿದು ಮಕ್ಕಳು ಪರೀಕ್ಷೆಯ ಗಡಿಬಿಡಿಯಲ್ಲಿದ್ದರು. ಇದರ ಜೊತೆಗೆ ನನಗೆ ಇನ್ನೊಂದು ಕ್ಯಾಲೆಂಡರೂ ಇತ್ತು: ಎಲ್‌ಟಿಸಿಯದು, ಅಂದರೆ ರಜೆಯ ಪ್ರವಾಸಕ್ಕೆ ಸರ್ಕಾರ ತನ್ನ ನೌಕರರಿಗೆ ಪ್ರಯಾಣ ದರ ಕೊಡುವ ಸೌಲಭ್ಯದ್ದು. ನಾನು ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಎಲ್‌ಟಿಸಿಯನ್ನು ನಾಲ್ಕು ವರ್ಷದ ಬ್ಲಾಕಿನಲ್ಲಿ ಲೆಕ್ಕ ಹಾಕುತ್ತಾರೆ. 2022-25ರ ಬ್ಲಾಕ್ ಮುಗಿಯಲು ಬಂದಿತ್ತು, ಬಳಸದೆ ಉಳಿದ ಒಂದು ಹೋಂಟೌನ್ (ಸ್ವಂತ ಊರಿಗೆ ಹೋಗುವ) ಎಲ್‌ಟಿಸಿ ಇತ್ತು. ಮರ, ಶಾಲೆ, ಕಚೇರಿ ಮೂರರ ದಿನಗಳನ್ನೂ ಒಂದೇ ವಾರಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಮಳೆಗಾಲ ಕಳೆಯಿತು. ಈಗ ಹೋಗಿ ಬಂದಾಯಿತು, ಬಿಲ್ಲೂ ಕೊಟ್ಟಾಯಿತು. ಮುಂದೆ ಹೊರಡುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕೇಂದ್ರ ನೌಕರರಲ್ಲದವರು ಮುಂದಿನ ಎರಡು ಪ್ಯಾರಾ, ಆಮೇಲೆ ವಿಮಾನದ ಟಿಕೆಟಿನ ಪ್ಯಾರಾ ಹಾರಿಸಿ ಓದಿದರೂ ನಷ್ಟವಿಲ್ಲ.

ಎಲ್‌ಟಿಸಿಯಲ್ಲಿ ಒಂದು ವಿಶೇಷ ರಿಯಾಯಿತಿ ಇದೆ. ನಾಲ್ಕು ವರ್ಷದ ಬ್ಲಾಕಿನಲ್ಲಿ ಒಂದು ಹೋಂಟೌನ್ ಪ್ರಯಾಣವನ್ನು ಜಮ್ಮು-ಕಾಶ್ಮೀರ, ಲಡಾಖ್, ಈಶಾನ್ಯ ರಾಜ್ಯಗಳು ಅಥವಾ ಅಂಡಮಾನಿಗೆ ಬದಲಾಯಿಸಿಕೊಳ್ಳಬಹುದು. ಸಾಮಾನ್ಯವಾಗಿ ವಿಮಾನಕ್ಕೆ ಅರ್ಹತೆ ಇಲ್ಲದ ನನ್ನಂಥ ವೇತನ ಲೆವೆಲ್ 7ರವರೂ ದೆಹಲಿ ಅಥವಾ ಅಮೃತಸರದಿಂದ ಶ್ರೀನಗರಕ್ಕೆ ಎಕಾನಮಿ ದರ್ಜೆಯಲ್ಲಿ ಹಾರಬಹುದು. ದೆಹಲಿಯವರೆಗೆ ಮಾತ್ರ ನಮ್ಮ ಅರ್ಹತೆಯ ರೈಲು, ಅಂದರೆ ಸೆಕೆಂಡ್ ಎಸಿ. ಮೈಸೂರಿನಿಂದ ಪೂರ್ತಿ ವಿಮಾನ ಅಂತ ಕನಸು ಕಾಣಬೇಡಿ. ಹೋದರೂ ದೆಹಲಿವರೆಗಿನ ಭಾಗಕ್ಕೆ ರೈಲಿನ ದರವಷ್ಟೇ ಸಿಗುತ್ತದೆ. ಇನ್ನೊಂದು ಷರತ್ತನ್ನು ಬಹಳ ಜನ ಗಮನಿಸುವುದಿಲ್ಲ. ಹೋಂಟೌನೂ ಕೆಲಸದ ಊರೂ ಒಂದೇ ಆಗಿದ್ದರೆ ಈ ಬದಲಾವಣೆ ಇಲ್ಲ. ನನ್ನ ದಾಖಲೆಯಲ್ಲಿ ಹೋಂಟೌನ್ ಅರಕಲಗೂಡು ಎಂದಿದ್ದರಿಂದ ದಾರಿ ಸಿಕ್ಕಿತು. ನನ್ನ ಪಕ್ಕದ ಸೀಟಿನವರು ಅಪ್ಪಟ ಮೈಸೂರಿನವರು, ಅವರಿಗೆ ಇಲ್ಲ. ಪಾಪ, ನನಗಿಂತ ಹೆಚ್ಚು ಆಸೆಯಿಂದ ಫೋಟೋ ನೋಡುತ್ತಿದ್ದವರು ಅವರೇ.

ಜುಲೈನಲ್ಲಿ ಅರ್ಜಿ ಹಾಕಿದೆ. ಪ್ರಯಾಣಿಕರು ನಾಲ್ವರು: ನಾನು, ನಮ್ಮ ಯಜಮಾನರು, ಒಂಬತ್ತನೇ ಕ್ಲಾಸಿನ ಮಗಳು, ಅಮ್ಮ. ಫೈಲು ಅಮ್ಮನ ಹೆಸರಿನಲ್ಲಿ ನಿಂತಿತು. ತಂದೆ-ತಾಯಿ ಪೂರ್ತಿ ನಮ್ಮನ್ನೇ ಅವಲಂಬಿಸಿರಬೇಕು, ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ಮೀರಬಾರದು ಎಂಬುದು ನಿಯಮ. ಅಮ್ಮನಿಗೆ ಪಿಂಚಣಿ ಇಲ್ಲ. ಆದರೆ ಅವರ ಹೆಸರಿನಲ್ಲಿ ಊರಲ್ಲಿ ಸ್ವಲ್ಪ ತೋಟವಿದೆ. ಜಮೀನಿನ ಆದಾಯವೂ ಲೆಕ್ಕಕ್ಕೆ ಬರುತ್ತದೆ, ದಾಖಲೆ ಎಲ್ಲಿ ಎಂದು ಕೇಳಿದರು. ಕೇಳಿದ್ದು ಸರಿಯೇ. ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ವರದಿ, ನಡುವೆ ಸರ್ವರ್ ರಜೆ, ಆಮೇಲೆ ನಿಜವಾದ ರಜೆ. ಪತ್ರ ಕೈಗೆ ಬರುವ ಹೊತ್ತಿಗೆ ಗೌರಿ ಹಬ್ಬ ಬಾಗಿಲಿಗೆ ಬಂದಿತ್ತು. ತಂದೆ-ತಾಯಿಯನ್ನು ಕರೆದುಕೊಂಡು ಹೋಗುವವರು ಈ ಪತ್ರವನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ. ಉಳಿದ ಕಾಗದಗಳು ಒಂದು ಮಧ್ಯಾಹ್ನದ ಕೆಲಸ.

ರೈಲು ಟಿಕೆಟ್ ಈಗ ಅರವತ್ತು ದಿನ ಮುಂಚೆಯಷ್ಟೇ ತೆರೆಯುತ್ತದೆ. 2024ರ ಅಕ್ಟೋಬರ್ ಕೊನೆಯವರೆಗೆ ಅದು 120 ದಿನವಿತ್ತು. ಹಾಗಾಗಿ ಅಕ್ಟೋಬರ್ ಕೊನೆಯ ಪ್ರಯಾಣಕ್ಕೆ ಆಗಸ್ಟ್ ಕೊನೆಯಲ್ಲಿ ಬೆಳಗ್ಗೆ ಎಂಟಕ್ಕೆ ಫೋನು ಹಿಡಿದು ಕೂತೆವು. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್. ಮೂರು ಕನ್ಫರ್ಮ್ ಆಗಿ ಒಂದು ಆರ್‌ಎಸಿ ಬಂತು. ಅಮ್ಮನಿಗೆ ಲೋವರ್ ಬರ್ತ್ ಸಿಕ್ಕಿತಲ್ಲ, ಅಷ್ಟೇ ಸಾಕು ಎಂದುಕೊಂಡೆವು. ದೀಪಾವಳಿ ಮುಗಿಸಿ ಊರಿಂದ ಹಿಂದಿರುಗುವ ಜನಜಂಗುಳಿಯಲ್ಲಿ ಇದೇ ದೊಡ್ಡದು.

ಅದೇ ವಾರ ಅಲ್ಲಿ ಆಕಾಶ ಕಳಚಿ ಬಿತ್ತು. ಆಗಸ್ಟ್ ಕೊನೆಯ ಮಳೆಗೆ ಜಮ್ಮು ಕಡೆ ಭೂಕುಸಿತ, ಪ್ರವಾಹ. ವೈಷ್ಣೋದೇವಿ ದಾರಿಯಲ್ಲಿ ಯಾತ್ರಿಗಳು ಸತ್ತರು. ಜಮ್ಮು-ಶ್ರೀನಗರ ಹೆದ್ದಾರಿ ಎಷ್ಟೋ ದಿನ ಮುಚ್ಚಿ, ಸೇಬಿನ ಲಾರಿಗಳು ದಾರಿಯಲ್ಲೇ ಕೊಳೆಯುತ್ತಿವೆ ಎಂದು ಟಿವಿಯಲ್ಲಿ ತೋರಿಸಿದರು. ಹಾಸನದಿಂದ ಅಣ್ಣ ಫೋನು ಮಾಡಿದ.

"ಏಪ್ರಿಲ್‌ನಲ್ಲಿ ಗುಂಡು ಹಾರಿಸಿದ್ರು, ಈಗ ಗುಡ್ಡ ಕುಸೀತಾ ಇದೆ. ಅಮ್ಮನ್ನ ಅಲ್ಲಿಗೇ ಕರ್ಕೊಂಡ್ ಹೋಗ್ಬೇಕಾ? ಕೊಡಗಲ್ಲಿ ಮರ ಇಲ್ವಾ?"

ಪಹಲ್ಗಾಮಿನಲ್ಲಿ ಆ ವರ್ಷ ಏಪ್ರಿಲ್ 22ರಂದು ಉಗ್ರರ ದಾಳಿಗೆ ಸತ್ತ 26 ಮಂದಿಯಲ್ಲಿ ನಮ್ಮ ರಾಜ್ಯದವರೂ ಇದ್ದರು. ಆ ಭಯಕ್ಕೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ. ಧೈರ್ಯದ ಮಾತೇ ಬೇಡವೆಂದು ಲೆಕ್ಕದ ಮಾತಿಗೆ ಇಳಿದೆವು. ದಾಳಿಯ ನಂತರ ಅಲ್ಲಿನ ಆಡಳಿತ 48 ಪ್ರವಾಸಿ ತಾಣಗಳನ್ನು ಮುಚ್ಚಿತ್ತು. ಜೂನ್‌ನಲ್ಲಿ ಕೆಲವು, ಸೆಪ್ಟೆಂಬರ್ ಕೊನೆಯಲ್ಲಿ ಇನ್ನು ಕೆಲವು ತೆರೆದವು. ದಾಳಿ ನಡೆದ ಬೈಸರನ್ ತೆರೆದಿರಲಿಲ್ಲ. ನಾವು ನೋಡಬೇಕಿದ್ದ ಚಿನಾರ್ ತೋಟಗಳು ಹೆಚ್ಚಿನವು ಶ್ರೀನಗರದ ಒಳಗೇ ಇವೆ. ಹೆದ್ದಾರಿಯಲ್ಲಿ ಹೋಗುವುದಿಲ್ಲ, ವಿಮಾನದಲ್ಲಿ ಇಳಿಯುತ್ತೇವೆ, ನಗರದಲ್ಲೇ ತಂಗುತ್ತೇವೆ, ಹೊರಗಿನ ಊರುಗಳ ವಿಷಯ ಅಲ್ಲಿಗೆ ಹೋದ ಮೇಲೆ ನೋಡೋಣ ಎಂದು ಅಣ್ಣನಿಗೆ ಹೇಳಿದೆ. ಅವನು ಒಪ್ಪಲಿಲ್ಲ, ಆದರೆ ಸುಮ್ಮನಾದ. ಅಮ್ಮ ಮಾತ್ರ ಅಂಜಲಿಲ್ಲ. ಚಿಕ್ಕಂದಿನಿಂದ "ನಮಸ್ತೇ ಶಾರದಾದೇವಿ ಕಾಶ್ಮೀರಪುರವಾಸಿನಿ" ಹೇಳಿಕೊಂಡು ಬಂದವರು. ಆ ಪುರವನ್ನು ಒಮ್ಮೆ ನೋಡಬೇಕು ಅನ್ನುವುದು ಅವರ ವಾದ.

ವಿಮಾನದ ಟಿಕೆಟ್ ಬೇರೆಯೇ ಒಂದು ಅಧ್ಯಾಯ. ಎಲ್‌ಟಿಸಿಗೆ ನಿಮಗೆ ಇಷ್ಟ ಬಂದ ಆಪ್‌ನಲ್ಲಿ ತೆಗೆದ ಟಿಕೆಟ್ ನಡೆಯುವುದಿಲ್ಲ. ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಎಂಬ ಮೂರು ಅಧಿಕೃತ ಏಜೆನ್ಸಿಗಳಲ್ಲಿ ಒಂದರ ಮೂಲಕವೇ ತೆಗೆಯಬೇಕು, ಪ್ರಯಾಣಕ್ಕೆ 21 ದಿನ ಮುಂಚೆ, ಆ ಹೊತ್ತಿನ ವಿಮಾನಗಳಲ್ಲಿ ಅತಿ ಕಡಿಮೆ ದರದ್ದು. ಕಚೇರಿಯಿಂದ ಮಂಜೂರಾತಿ ಬರಬೇಕು, ಆಮೇಲೆ ಮುಂಗಡ, ಆಮೇಲೆ ಟಿಕೆಟ್ ಎಂದು ಕೂತರೆ ದರ ಏರುತ್ತಲೇ ಇರುತ್ತದೆ. ನನ್ನ ಫೈಲು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುವಷ್ಟರಲ್ಲಿ ತಲೆಗೆ ಸಾವಿರದಷ್ಟು ಹೆಚ್ಚಾಯಿತು. ದರಗಳ ಹೋಲಿಕೆ ಇರುವ ಪುಟವನ್ನು ಟಿಕೆಟ್ ತೆಗೆದ ದಿನವೇ ಪ್ರಿಂಟ್ ಹಾಕಿ ಇಟ್ಟುಕೊಳ್ಳಿ. ಎರಡು ತಿಂಗಳಾದ ಮೇಲೆ "ಇದಕ್ಕಿಂತ ಕಡಿಮೆ ಇರಲಿಲ್ಲವೇ?" ಎಂಬ ಪ್ರಶ್ನೆ ಬಂದಾಗ ನಿಮ್ಮ ಬಾಯಿ ಅದೇ. ಮುಂಗಡ ತೊಂಬತ್ತು ಪ್ರತಿಶತದವರೆಗೆ ಸಿಗುತ್ತದೆ, ಪಡೆದ ಹತ್ತು ದಿನದೊಳಗೆ ಟಿಕೆಟ್ ತೋರಿಸಬೇಕು. ಹತ್ತು ದಿನದ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳುವ ಅವಕಾಶವೂ ಇದೆ, ಮಾಡಿಕೊಂಡ ನಂತರ ಖಾತೆಯಲ್ಲಿ ಮೂವತ್ತು ದಿನ ಉಳಿದಿರಬೇಕು. ನಮ್ಮ ಹೋಟೆಲ್ ಖರ್ಚು ನಡೆದದ್ದು ಈ ದುಡ್ಡಿನಿಂದಲೇ, ಯಾಕೆಂದರೆ ಎಲ್‌ಟಿಸಿ ಕೊಡುವುದು ಪ್ರಯಾಣ ದರ ಮಾತ್ರ. ಊಟ, ವಸತಿ, ಅಲ್ಲಿನ ಟ್ಯಾಕ್ಸಿ ಎಲ್ಲ ನಮ್ಮದೇ.

ಇನ್ನು ಎಲ್ಲರಿಗೂ ಬೇಕಾದ ವಿಷಯ.

ಮೊದಲನೆಯದು ಫೋನು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಇದು ಗೊತ್ತಿದ್ದರೂ "ಅಲ್ಲಿ ಹೋಗಿ ನೋಡೋಣ" ಅನ್ನುವವರೇ ಹೆಚ್ಚು. ನಮ್ಮ ಮನೆಯಲ್ಲಿ ನನ್ನದೊಂದೇ ಪೋಸ್ಟ್‌ಪೇಯ್ಡ್. ಯಜಮಾನರದನ್ನು ಹೊರಡುವ ಮೂರು ವಾರ ಮುಂಚೆ ಬದಲಾಯಿಸಿದೆವು. ಯುಪಿಐ, ಹೋಟೆಲ್, ಡ್ರೈವರ್, ರೈಲಿನ ಒಟಿಪಿ ಎಲ್ಲ ಫೋನಿನ ಮೇಲೇ ನಿಂತಿರುವಾಗ ಒಬ್ಬರ ಬ್ಯಾಟರಿ ಮುಗಿದರೆ ಇಡೀ ಕುಟುಂಬ ಮೂಕವಾಗಿಬಿಡುತ್ತದೆ.

ಎರಡನೆಯದು ಪ್ಯಾಕೇಜ್. ಮೈಸೂರಿನ ಒಬ್ಬ ಏಜೆಂಟ್ ಹತ್ತಿರ ವಿಚಾರಿಸಿದೆವು. ಗುಲ್ಮಾರ್ಗ್, ಸೋನ್‌ಮಾರ್ಗ್, ಪಹಲ್ಗಾಮ್, ಒಂದು ರಾತ್ರಿ ಹೌಸ್‌ಬೋಟ್, ಎಲ್ಲಾ ಸೇರಿ ಇಷ್ಟು ಅಂದರು. ನಾವು ಕೇಳಿದ್ದು ಎಲೆ, ಅವರು ಮಾರುತ್ತಿದ್ದದ್ದು ಹಿಮ. ಏಪ್ರಿಲ್‌ನ ಟ್ಯುಲಿಪ್‌ಗೂ ಅದೇ ಪಟ್ಟಿ, ನವೆಂಬರಿಗೂ ಅದೇ. ಗುಲ್ಮಾರ್ಗಿನಲ್ಲಿ ಇರುವುದು ದೇವದಾರು, ಫರ್ ಜಾತಿಯ ಮರಗಳು. ಅವು ವರ್ಷವಿಡೀ ಹಸಿರು. ಬಣ್ಣ ನೋಡಲು ಹೋಗುವವರು ಅಲ್ಲಿ ಒಂದು ದಿನ ಕಳೆದರೆ ಆ ದಿನ ಹೋಯಿತು ಅಂತಲೇ. ಅಲ್ಲಿನ ಗೊಂಡೊಲಾ, ಅಂದರೆ ರೋಪ್‌ವೇ, ಹತ್ತಲೇಬೇಕು ಅನ್ನುವವರು ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಿ. ನಾವು ಹತ್ತಲಿಲ್ಲ, ಮಗಳು ಒಂದು ಹೊತ್ತು ಮುಖ ಊದಿಸಿಕೊಂಡಿದ್ದಳು. ಪ್ಯಾಕೇಜ್ ಬಿಟ್ಟು, ಬುಲೇವಾರ್ಡ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಹೋಟೆಲಿಗೆ ನಾವೇ ಫೋನು ಮಾಡಿ ರೂಮು ಹಿಡಿದೆವು. ಎರಡು ರೂಮು, ರೂಮಿಗೆ ದಿನಕ್ಕೆ ಮೂರು ಸಾವಿರದ ಆಸುಪಾಸು, ಬೆಳಗಿನ ತಿಂಡಿ ಸೇರಿ. ಹೀಟರ್ ಇದೆಯಾ, ಅದಕ್ಕೆ ಬೇರೆ ದುಡ್ಡಾ, ಹಾಸಿಗೆಗೆ ಎಲೆಕ್ಟ್ರಿಕ್ ಬ್ಲಾಂಕೆಟ್ ಕೊಡುತ್ತೀರಾ ಎಂದು ಮೂರನ್ನೂ ಬಾಯಿಬಿಟ್ಟು ಕೇಳಿ. ನವೆಂಬರ್ ಮೊದಲ ವಾರ ರಾತ್ರಿ ಮೂರ್ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಮೈಸೂರಿನ ಚಳಿಗಾಲದ ಸ್ವೆಟರ್ ಅಲ್ಲಿ ಒಳಗೆ ಹಾಕುವ ಬಟ್ಟೆ.

ದಿನಾಂಕದ ಬಗ್ಗೆಯೂ ಆ ಹೋಟೆಲಿನವರ ಹತ್ತಿರವೇ ಕೇಳಿದ್ದು. ಇಂಟರ್ನೆಟ್ಟಿನಲ್ಲಿ ಕಾಣುವ ಕೆಂಪು ಫೋಟೋಗಳನ್ನು ನಂಬುವ ಹಾಗಿಲ್ಲ, ಯಾವ ವರ್ಷದ್ದೋ, ಎಷ್ಟು ಬಣ್ಣ ಏರಿಸಿದ್ದೋ. ಎಲೆಯಲ್ಲಿ ಹಸಿರು ಕರಗಿದಾಗ ಒಳಗೆ ಮೊದಲೇ ಇದ್ದ ಹಳದಿ ಕಾಣುತ್ತದೆ; ಕೆಂಪು ಹಾಗಲ್ಲ, ಅದು ಆಮೇಲೆ ತಯಾರಾಗುವಂಥದ್ದು. ಬಿಸಿಲಿನ ಹಗಲು, ಕೊರೆಯುವ ರಾತ್ರಿ ಎರಡೂ ಬೇಕು. ಮೋಡ, ಮಳೆ ಹೆಚ್ಚಾದ ವರ್ಷ ಹಳದಿಯಿಂದ ನೇರವಾಗಿ ಕಂದು. ಹಾಗಾಗಿ ಇಂಥ ದಿನವೇ ಎಂದು ಯಾರೂ ಹೇಳಲಾರರು. ಅಕ್ಟೋಬರ್ ಕೊನೆಯ ವಾರಕ್ಕೂ ನವೆಂಬರ್ ಹತ್ತಕ್ಕೂ ನಡುವೆ ಎಲ್ಲಿ ಬಂದರೂ ಏನಾದರೂ ಸಿಗುತ್ತದೆ ಎಂದರು ಅವರು. ಮೊದಲು ಹೋದರೆ ಹಳದಿ, ತಡವಾದರೆ ನೆಲದ ಮೇಲೆ ಕೆಂಪು. ರಾಜ್ಯೋತ್ಸವದ ಶನಿವಾರ, ಭಾನುವಾರವನ್ನು ಸೇರಿಸಿಕೊಂಡರೆ ಮಗಳ ಶಾಲೆ ತಪ್ಪುವುದು ಕಡಿಮೆ ಎಂದು ಲೆಕ್ಕ ಹಾಕಿ ಹೊರಟೆವು. ಅವಳ ಮೇಷ್ಟ್ರಿಗೆ ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಬೇಕಿತ್ತು. ಕಾರಣ "ಕೌಟುಂಬಿಕ" ಎಂದು ಬರೆದೆ. ಮರದ ಎಲೆ ನೋಡಲು ಎಂದು ಬರೆಯುವ ಮನಸ್ಸಾಗಿತ್ತು.

ರೈಲು ಸಮಯಕ್ಕೆ ಮುಟ್ಟಿತು. ದೆಹಲಿ ಹೊಗೆಯಲ್ಲಿ ಮುಳುಗಿತ್ತು, ದೀಪಾವಳಿಯ ಪಟಾಕಿ ಮುಗಿದು ದಿನಗಳಾದರೂ ಗಂಟಲು ಕೆರೆಯುತ್ತಿತ್ತು. ಬೆಳಗಿನ ವಿಮಾನ ಎರಡು ತಾಸು ತಡ. ರೈಲಿನಿಂದ ಇಳಿದ ದಿನವೇ ವಿಮಾನ ಹಿಡಿಯುವ ಯೋಜನೆ ಬೇಡ, ನಡುವೆ ಒಂದು ರಾತ್ರಿ ಇರಲಿ. ನಾವು ಪಹಾಡ್‌ಗಂಜಿನಲ್ಲಿ ತಂಗಿದ್ದೆವು. ಅಮ್ಮನಿಗೆ ಅಲ್ಲಿ ನಿದ್ದೆ ಬರಲಿಲ್ಲ, ನಮಗೆ ಬಂತು.

ಶ್ರೀನಗರದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ವಿಮಾನ ನಿಲ್ದಾಣದಿಂದ ಊರಿಗೆ ಬರುವ ದಾರಿಯಲ್ಲಿ ಪಾಪ್ಲರ್ ಮರಗಳ ಸಾಲು ಸಾಲೇ ಹಳದಿ. ಮಗಳು "ಅಮ್ಮಾ, ಇದೇನಾ?" ಅಂದಳು. ಅಲ್ಲ ಅಂದರು ಡ್ರೈವರ್. ಐವತ್ತರ ಆಸುಪಾಸಿನ ಮನುಷ್ಯ, ಅಮ್ಮನನ್ನು ಮೊದಲ ದಿನದಿಂದಲೇ "ಮಾಂಜೀ" ಎಂದು ಕರೆದರು. ಚಿನಾರ್ ನಾಳೆ ತೋರಿಸುತ್ತೇನೆ, ಇವತ್ತು ಮಾಂಜೀ ಮಲಗಲಿ ಎಂದರು. ನಗರದೊಳಗಿನ ಸುತ್ತಾಟಕ್ಕೆ ಅವರಿಗೆ ದಿನಕ್ಕೆ ಮೂರು ಸಾವಿರದಂತೆ ಕೊಟ್ಟೆವು, ಹೊರಗಿನ ಊರಿಗೆ ಹೆಚ್ಚು.

ಮೊದಲ ಬೆಳಗ್ಗೆ ನಸೀಮ್ ಬಾಗ್. ಹಜರತ್‌ಬಲ್ ಹತ್ತಿರ, ಕಾಶ್ಮೀರ ವಿಶ್ವವಿದ್ಯಾಲಯದ ಆವರಣದೊಳಗೆ ಇರುವ ಮೊಘಲರ ಕಾಲದ ತೋಪು. ಗೇಟಿನಲ್ಲಿ ಆಧಾರ್ ನೋಡಿ ಬಿಟ್ಟರು. ನಾನು ಫೋಟೋದಲ್ಲಿ ನೂರು ಸಲ ನೋಡಿದ್ದ ಜಾಗ. ಆದರೆ ಎಲೆಯ ಸದ್ದು ಫೋಟೋದಲ್ಲಿ ಇರಲಿಲ್ಲ. ಅಂಗೈಗಿಂತ ದೊಡ್ಡ ಎಲೆಗಳು, ಒಣಗಿ ಸುರುಟಿದವು, ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಹಾಗೆ. ನೂರಾರು ಮರ. ಒಂದೊಂದರ ಬುಡವನ್ನು ತಬ್ಬಲು ನಾವು ನಾಲ್ವರೂ ಕೈ ಹಿಡಿದರೂ ಸಾಲದು. ಎಲ್ಲ ಮರವೂ ಒಂದೇ ಬಣ್ಣದಲ್ಲಿರಲಿಲ್ಲ. ಬಿಸಿಲು ತಾಗುವ ಅಂಚಿನವು ಕುಂಕುಮದಂಥ ಕೆಂಪು, ನಡುವಿನವು ಇನ್ನೂ ಅರಿಸಿನ, ಒಂದೆರಡು ಹಠಮಾರಿಗಳು ಹಸಿರು. ಪೂರ್ತಿ ಕೆಂಪಾಗಲು ಇನ್ನೂ ನಾಲ್ಕೈದು ದಿನ ಬೇಕು ಎಂದು ಅಲ್ಲಿನ ವಿದ್ಯಾರ್ಥಿಯೊಬ್ಬ ಹೇಳಿದ. ನನಗೇನೋ ಈ ಮಿಶ್ರಣವೇ ಚೆನ್ನ ಅನ್ನಿಸಿತು. ಒಂದೇ ಬಣ್ಣವಾದರೆ ನೋಡಲು ಅರ್ಧ ಗಂಟೆ ಸಾಕು.

ಕೆಲವು ಕಾಂಡಗಳಿಗೆ ಪುಟ್ಟ ಕ್ಯೂಆರ್ ಫಲಕ ಹೊಡೆದಿದ್ದರು. ಕಣಿವೆಯ ಚಿನಾರ್‌ಗಳನ್ನು ಎಣಿಸಿ, ಪ್ರತಿ ಮರಕ್ಕೂ ಗುರುತಿನ ಸಂಖ್ಯೆ ಕೊಡುವ ಕೆಲಸವನ್ನು ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆ ಕೈಗೆತ್ತಿಕೊಂಡಿದೆ. 2025ರ ಆರಂಭದ ಹೊತ್ತಿಗೆ 28,560 ಮರಗಳ ಲೆಕ್ಕ ಮುಗಿದಿತ್ತು. 1969ರ ಕಾನೂನಿನಿಂದಾಗಿ, ಸ್ವಂತ ಜಾಗದ ಚಿನಾರನ್ನೂ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಅಮ್ಮ ಕೇಳಿ, "ಮರಕ್ಕೆ ಆಧಾರ್ ಸಿಕ್ತು, ನನ್ನ ಆದಾಯದ ಪತ್ರಕ್ಕೆ ತಿಂಗಳುಗಟ್ಟಲೆ" ಅಂದರು.

ನಿಶಾತ್, ಶಾಲಿಮಾರ್, ಚಶ್ಮೆ ಶಾಹಿ ಎಂಬ ಮೊಘಲ್ ತೋಟಗಳಿಗೆ ಒಂದು ಪೂರ್ತಿ ದಿನ. ನಿಶಾತ್‌ಗೆ ಮಧ್ಯಾಹ್ನ ಮೂರರ ನಂತರ ಹೋಗಿ ಎಂದು ಎಲ್ಲರೂ ಹೇಳುತ್ತಾರೆ, ದಾಲ್ ಸರೋವರದ ಕಡೆಯಿಂದ ಬೀಳುವ ಇಳಿಬಿಸಿಲು ಎಲೆಯೊಳಗಿಂದ ಹಾಯುತ್ತದೆ. ಆದರೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ ಎಂಬುದನ್ನು ಲೆಕ್ಕದಲ್ಲಿಡಿ. ಬೆಳಗ್ಗೆಯೂ ಏಳರ ಹತ್ತಿರದವರೆಗೆ ಬೆಳಕಿಲ್ಲ. ಹಗಲು ಚಿಕ್ಕದು, ಅದರಲ್ಲಿ ವಯಸ್ಸಾದವರ ಊಟ, ವಿಶ್ರಾಂತಿ. ದಿನಕ್ಕೆ ಮೂರು ಜಾಗಕ್ಕಿಂತ ಹೆಚ್ಚು ಇಟ್ಟುಕೊಂಡರೆ ಕಾರಿನೊಳಗೇ ಶರತ್ಕಾಲ ಮುಗಿಯುತ್ತದೆ. ತೋಟದ ಮೂಲೆಯಲ್ಲಿ ಹೆಂಗಸರು ಎಲೆ ಗುಡಿಸಿ ಮೂಟೆ ಕಟ್ಟುತ್ತಿದ್ದರು. ಆ ಎಲೆಗಳನ್ನು ಮಂದವಾಗಿ ಸುಟ್ಟು ಮಾಡಿದ ಇದ್ದಿಲು ಚಳಿಗಾಲದಲ್ಲಿ ಕಾಂಗ್ರಿಗೆ, ಅಂದರೆ ಫೆರನ್ ಎಂಬ ಉದ್ದ ನಿಲುವಂಗಿಯ ಒಳಗೆ ಹಿಡಿದುಕೊಳ್ಳುವ ಬೆಂಕಿಯ ಬುಟ್ಟಿಗೆ. ನಾವು ಸಾವಿರಾರು ಮೈಲಿಯಿಂದ ನೋಡಲು ಬಂದದ್ದು ಅವರ ಸೌದೆ.

ಊಟದ ಬಗ್ಗೆ ನಾವು ಅಂಜಿದಷ್ಟು ತೊಂದರೆ ಆಗಲಿಲ್ಲ. ಕಾಶ್ಮೀರಿಗಳೂ ಅನ್ನದವರೇ. ಹಾಖ್ ಸೊಪ್ಪು, ತಾವರೆ ದಂಟಿನ ನದ್ರು, ರಾಜ್ಮಾ. ಅಮ್ಮ ಹಾಖನ್ನು ತಿಂದು, ನಮ್ಮ ಸೊಪ್ಪಿನ ಬಸ್ಸಾರಿಗೆ ಖಾರ ಮರೆತ ಹಾಗಿದೆ ಎಂದು ಚಟ್ನಿಪುಡಿ ಡಬ್ಬ ತೆಗೆದರು. ಅವಲಕ್ಕಿ, ಚಟ್ನಿಪುಡಿ, ಒಂದು ಪುಟ್ಟ ಎಲೆಕ್ಟ್ರಿಕ್ ಕೆಟಲ್ ಇದ್ದರೆ ನಮ್ಮ ಕಡೆಯ ಹಿರಿಯರನ್ನು ಎಲ್ಲಿಗೂ ಕರೆದೊಯ್ಯಬಹುದು.

ಶಂಕರಾಚಾರ್ಯ ಬೆಟ್ಟಕ್ಕೆ ಹೋದೆವು. ಕಾರು ನಿಂತ ಮೇಲೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಮೊಬೈಲು ಕೆಳಗೇ ಬಿಡಬೇಕು. ಅಮ್ಮ ನಿಂತು ನಿಂತು ಹತ್ತಿದರು. ಅವರ ಮನಸ್ಸಿನಲ್ಲಿದ್ದದ್ದು ನಿಜವಾಗಿ ಶಾರದೆ. ಕಿಶನ್‌ಗಂಗಾ ದಡದ ಹಳೆಯ ಶಾರದಾಪೀಠ ಈಗ ಗಡಿಯಾಚೆ. ಈಚೆ ದಡದ ಟೀಟ್ವಾಲ್‌ನಲ್ಲಿ 2023ರ ಮಾರ್ಚ್‌ನಲ್ಲಿ ತೆರೆದ ಹೊಸ ಗುಡಿಯ ಪಂಚಲೋಹದ ಮೂರ್ತಿ ನಮ್ಮ ಶೃಂಗೇರಿಯಿಂದ ಹೋದದ್ದು. ಆದರೆ ಅದು ನಿಯಂತ್ರಣ ರೇಖೆಯ ಮೇಲೇ ಇದೆ. ಕುಪ್ವಾರಾ ದಾಟಿ ಸಾಧನಾ ಪಾಸ್ ಎಂಬ ಘಟ್ಟ ಹತ್ತಿಳಿಯಬೇಕು, ದಾರಿಯಲ್ಲಿ ತಪಾಸಣೆ, ಒಂದೇ ದಿನದಲ್ಲಿ ಹೋಗಿ ಬರುವುದು ಎಪ್ಪತ್ತರ ಹತ್ತಿರದವರಿಗೆ ಆಗದ ಮಾತು. ಅದನ್ನೇ ಮುಖ್ಯವಾಗಿಟ್ಟುಕೊಂಡು ಹೋಗುವವರು ಬೇರೆ ಯೋಜನೆ ಹಾಕಿಕೊಳ್ಳಿ, ಎಲೆಯ ಪ್ರವಾಸಕ್ಕೆ ಸಿಕ್ಕಿಸಬೇಡಿ.

ಶ್ರೀನಗರದ ಹತ್ತಿರದ ಪಾಂಪೋರ್ ಮಾತ್ರ ತಪ್ಪಿಸಬೇಡಿ. ಚಿನಾರ್ ಕೆಂಪಾಗುವ ಅದೇ ದಿನಗಳಲ್ಲಿ ಅಲ್ಲಿ ಕೇಸರಿ ಹೂ ಬಿಡುತ್ತದೆ. ಬಿಸಿಲು ಏರುವ ಮುಂಚೆ ಕೊಯ್ಯುತ್ತಾರೆ, ಆದ್ದರಿಂದ ಹೋಟೆಲಿನಿಂದ ಬೆಳಗ್ಗೆ ಬೇಗ ಹೊರಡಬೇಕು. ಒಂದು ಗ್ರಾಂ ಎಸಳಿಗೆ ಸುಮಾರು ನೂರೈವತ್ತು ಹೂ. ಈ ವರ್ಷ ಹೂವೇ ಕಡಿಮೆ ಎಂದು ಹೊಲದವರು ಬೇಸರಪಟ್ಟರು, ಗ್ರಾಮಿಗೆ ನಾನೂರರ ಮೇಲೆ ಹೇಳಿದರು. ದಾರಿಬದಿಯಲ್ಲಿ ಅದರ ಅರ್ಧಕ್ಕೆ ಸಿಗುವುದನ್ನು ಕೊಳ್ಳಬೇಡಿ. ಪಕ್ಕದಲ್ಲೇ ಖೋನ್‌ಮೋಹ್ ಎಂಬ ಊರಿದೆ. ಒಂಬೈನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿಂದ ಹೊರಟ ಬಿಲ್ಹಣ ಊರೂರು ಸುತ್ತಿ ಕೊನೆಗೆ ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಕವಿಯಾದ. ಅವನಿಗೆ ಯಾವ ಮುಂಗಡ, ಯಾವ ಟಿಕೆಟ್! ನಮ್ಮ ಯಜಮಾನರು ಹೇಳಿದ ಮಾತು ಇದು.

ಹೊರಗಿನ ಊರಿನಲ್ಲಿ ನಾವು ಸೇರಿಸಿಕೊಂಡದ್ದು ಬಿಜ್‌ಬೆಹಾರಾ ಒಂದನ್ನೇ. ಚಿನಾರ್‌ಗಳಿಗೇ ಹೆಸರಾದ ಊರು, ಝೇಲಂ ದಡದಲ್ಲಿ ಪಾದಶಾಹಿ ಬಾಗ್ ಇದೆ. ಪ್ರವಾಸಿಗಳೇ ಇರಲಿಲ್ಲ, ಹುಡುಗರು ಎಲೆಗಳ ಮಧ್ಯೆ ಕ್ರಿಕೆಟ್ ಆಡುತ್ತಿದ್ದರು. ಪಹಲ್ಗಾಮಿಗೆ ಅಲ್ಲಿಂದ ಒಂದು ತಾಸಿನ ದಾರಿ. ಹೋಗುವುದೋ ಬೇಡವೋ ಎಂದು ಕಾರಿನಲ್ಲಿ ಮಾತಾಯಿತು. ಅಮ್ಮ "ಬೇಡ" ಅಂದರು, ಕಾರಣ ಹೇಳಲಿಲ್ಲ. ಹೋಗುವವರಿಗೆ ಒಂದು ಮಾತು: ಶ್ರೀನಗರದ ಟ್ಯಾಕ್ಸಿ ಪಹಲ್ಗಾಮ್ ಸ್ಟ್ಯಾಂಡಿನವರೆಗೆ ಮಾತ್ರ. ಅರು ಮತ್ತು ಬೇತಾಬ್ ಎಂಬ ಕಣಿವೆಗಳಿಗೆ ಅಲ್ಲಿನ ಯೂನಿಯನ್ ಗಾಡಿಯನ್ನೇ ಹಿಡಿಯಬೇಕು, ದರ ಬೋರ್ಡಿನಲ್ಲಿರುತ್ತದೆ.

ವಾಪಸು ಬರಲು ರೈಲು. 2025ರ ಜೂನ್‌ನಲ್ಲಿ ಶ್ರೀನಗರ ಮತ್ತು ಕಟ್ರಾ ನಡುವೆ ವಂದೇ ಭಾರತ್ ಶುರುವಾಗಿತ್ತು, ಮೂರು ತಾಸಿನ ದಾರಿ. ಎಲ್‌ಟಿಸಿಯಲ್ಲಿ ಈ ರೈಲಿಗೂ ಒಪ್ಪಿಗೆ ಇದೆ, 2025ರ ಜನವರಿಯಲ್ಲೇ ಆದೇಶ ಬಂದಿದೆ. ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಆ ಆದೇಶದ ಪ್ರತಿಯನ್ನು ನಾನೇ ಕೊಡಬೇಕಾಯಿತು. ಟಿಕೆಟ್ ಬೇಗ ಮುಗಿಯುತ್ತದೆ, ಅದನ್ನೂ ಅರವತ್ತು ದಿನ ಮುಂಚೆಯೇ ನೋಡಿಕೊಳ್ಳಿ. ನೌಗಾಮಿನಲ್ಲಿರುವ ನಿಲ್ದಾಣದಲ್ಲಿ ತಪಾಸಣೆ ವಿಮಾನ ನಿಲ್ದಾಣದಷ್ಟೇ ಬಿಗಿ. ನಾವು ಒಂದೂವರೆ ತಾಸು ಮುಂಚೆ ಹೋದದ್ದು ಸರಿಹೋಯಿತು. ಚೆನಾಬ್ ಸೇತುವೆ ನದಿಯಿಂದ 359 ಮೀಟರ್ ಎತ್ತರ, ಜಗತ್ತಿನಲ್ಲೇ ಅತಿ ಎತ್ತರದ ರೈಲು ಸೇತುವೆ. ಮಗಳು ಕ್ಯಾಮೆರಾ ಹಿಡಿದು ಕಿಟಕಿಗೆ ಅಂಟಿಕೊಂಡೇ ಕೂತಳು. ಆದರೆ ಆ ದಾರಿಯ ಹೆಚ್ಚು ಭಾಗ ಸುರಂಗ. ಕತ್ತಲು, ಕತ್ತಲು, ಫಕ್ಕನೆ ಬೆಳಕು, "ಇದೇನಾ?" ಅನ್ನುವಷ್ಟರಲ್ಲಿ ಮತ್ತೆ ಕತ್ತಲು. ಅವಳ ಫೋಟೋದಲ್ಲಿ ಬಂದದ್ದು ಕಿಟಕಿಯ ಗಾಜಿನಲ್ಲಿ ಅವಳದೇ ಮುಖ.

ಕಟ್ರಾದಿಂದ ರಾತ್ರಿ ರೈಲಿಗೆ ದೆಹಲಿ, ದೆಹಲಿಯಿಂದ ಬೆಂಗಳೂರು.

ಖರ್ಚಿನ ಮಾತು. ಎಲ್‌ಟಿಸಿಗೆ ಬರುವ ಪ್ರಯಾಣ ದರ ಬಿಟ್ಟು, ನಾಲ್ವರಿಗೆ ಹೋಟೆಲು, ಟ್ಯಾಕ್ಸಿ, ಊಟ, ದೆಹಲಿಯ ತಂಗುವಿಕೆ, ಸ್ವಲ್ಪ ಕೇಸರಿ, ಅಕ್ಕಿ ಕಾಳಿನಷ್ಟು ಸಣ್ಣ ಕಸೂತಿಯ ಒಂದು ಶಾಲು ಸೇರಿ ಎಂಬತ್ತು ಸಾವಿರದ ಹತ್ತಿರ ಬಂತು. ಶಾಲು ಇಲ್ಲದಿದ್ದರೆ ಎಪ್ಪತ್ತರೊಳಗೆ. ಎಲ್‌ಟಿಸಿ ಇಲ್ಲದವರು ಟಿಕೆಟಿನ ದುಡ್ಡನ್ನು ಇದಕ್ಕೆ ಸೇರಿಸಿಕೊಳ್ಳಿ. ದೆಹಲಿ-ಶ್ರೀನಗರ ಒಂದು ಕಡೆಗೆ ನಮಗೆ ತಲೆಗೆ ಆರೇಳು ಸಾವಿರದ ಮಧ್ಯೆ ಬಿತ್ತು.

ಮುಂಗಡ ಪಡೆದವರು ಹಿಂದಿರುಗಿದ ಒಂದು ತಿಂಗಳೊಳಗೆ ಬಿಲ್ಲು ಕೊಡಬೇಕು, ಪಡೆಯದವರಿಗೆ ಮೂರು ತಿಂಗಳು. ಟಿಕೆಟ್, ಬೋರ್ಡಿಂಗ್ ಪಾಸ್, ದರ ಹೋಲಿಕೆಯ ಪುಟ, ಅಮ್ಮನ ಆದಾಯ ಪತ್ರದ ಇನ್ನೊಂದು ಪ್ರತಿ ಎಲ್ಲವನ್ನೂ ಪಿನ್ನು ಹೊಡೆದು ಕೊಟ್ಟೆ. ಮನೆಯಿಂದ ಬೆಂಗಳೂರು ನಿಲ್ದಾಣಕ್ಕೆ ಹೋದ ಟ್ಯಾಕ್ಸಿಯನ್ನು ಹೊಡೆದು ಹಾಕಿದರು, ಉಳಿದದ್ದು ಪಾಸಾಯಿತು.

ಪಕ್ಕದ ವಿಭಾಗದ ಇಬ್ಬರು ಈಗಲೇ ನನ್ನ ಫೈಲಿನ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಈ ವಿಶೇಷ ರಿಯಾಯಿತಿಯ ಈಗಿನ ಅವಧಿ 2026ರ ಸೆಪ್ಟೆಂಬರ್ 25ಕ್ಕೆ ಮುಗಿಯುತ್ತದೆ, ಚಿನಾರ್ ಬಣ್ಣ ತಿರುಗುವ ಮುಂಚೆಯೇ. ಹಿಂದೆ ವಿಸ್ತರಿಸುತ್ತಾ ಬಂದಿದ್ದಾರೆ ನಿಜ, ಆದರೂ ಹೊಸ ಆದೇಶ ಕಣ್ಣಾರೆ ಕಾಣುವವರೆಗೆ ಅಕ್ಟೋಬರಿನ ವಿಮಾನಕ್ಕೆ ದುಡ್ಡು ಕಟ್ಟಬೇಡಿ. ಆದಾಯ ಪತ್ರಕ್ಕೆ ಮಾತ್ರ ನಾಳೆಯೇ ಅರ್ಜಿ ಹಾಕಿ.